165 ಎಲ್ಲಿ ಹೋಯಿತು?

ಮಕ್ಕಳೇ, ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದರಂತೆ ಓಡುವ ಮನುಷ್ಯನ ಚಿತ್ರ ಬರೆದು, ಹೆಬ್ಬೆರಳಿನಿಂದ ಪುಟಗಳನ್ನು ಸರ್ರನೆ ಬಿಟ್ಟು ನೋಡಿದ್ದೀರಾ? ನೋಡಿದ್ದರೆ ಮೇಷ್ಟ್ರ ಕೈಲಿ ಬೈಸಿಕೊಂಡೂ ಇರುತ್ತೀರಿ. ನಿಧಾನಕ್ಕೆ ಬಿಟ್ಟರೆ ಆ ಮನುಷ್ಯ ಕುಂಟುತ್ತಾನೆ. ಬೇಗ ಬಿಟ್ಟರೆ ಓಡುತ್ತಾನೆ. ಒಂದು ಚಿತ್ರವೂ ಅಲುಗಿಲ್ಲ, ಅಲುಗಿದಂತೆ ಕಂಡದ್ದು ನಮ್ಮ ಕಣ್ಣಿಗೆ ಮಾತ್ರ. ಸಿನಿಮಾ, ಟಿವಿ, ಕಂಪ್ಯೂಟರ್, ಮೊಬೈಲ್ ಎಲ್ಲವೂ ಆಡುವುದು ಇದೇ ಆಟ. ಪರದೆ ತನ್ನ ಚಿತ್ರವನ್ನು ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಬರೆದುಕೊಳ್ಳುತ್ತದೆ ಎಂಬ ಎಣಿಕೆಗೆ ರಿಫ್ರೆಶ್ ರೇಟ್ ಎಂದು ಹೆಸರು. ಅದರ ಅಳತೆ ಹರ್ಟ್ಸ್. ರೇಡಿಯೋ ಅಲೆಗಳು ಇವೆ ಎಂದು ಪ್ರಯೋಗ ಮಾಡಿ ತೋರಿಸಿದ ಜರ್ಮನಿಯ ವಿಜ್ಞಾನಿ ಹೈನ್ರಿಷ್ ಹರ್ಟ್ಸ್ ಅವರ ಹೆಸರನ್ನೇ ಇಟ್ಟಿದ್ದಾರೆ.

ಅಜ್ಜ ಅಜ್ಜಿಯರಿಗೆ ಟೂರಿಂಗ್ ಟಾಕೀಸಿನ ನೆನಪು ಇದ್ದೇ ಇರುತ್ತದೆ. ಅಲ್ಲಿ ರೀಲಿನಿಂದ ಬರುತ್ತಿದ್ದದ್ದು ಸೆಕೆಂಡಿಗೆ 24 ಚಿತ್ರ. ಅಷ್ಟನ್ನೇ ತೋರಿಸಿದರೆ ಪರದೆ ಮಿಣುಕುತ್ತದೆ ಎಂದು, ಪ್ರೊಜೆಕ್ಟರಿನೊಳಗೆ ತಿರುಗುವ ರೆಕ್ಕೆಯೊಂದು ಪ್ರತಿ ಚಿತ್ರವನ್ನೂ ಎರಡು ಅಥವಾ ಮೂರು ಸಲ ಮಿಂಚಿಸುತ್ತಿತ್ತು. ನಾವು ನೋಡುತ್ತಿದ್ದ ದೂರದರ್ಶನದಲ್ಲಿ ಸೆಕೆಂಡಿಗೆ 25 ಚಿತ್ರ. ಒಂದೊಂದನ್ನೂ ಎರಡು ಅರ್ಧ ಮಾಡಿ 50 ಸಲ ಬರೆಯುತ್ತಿದ್ದರು. ಆಮೇಲೆ ನಮ್ಮ ಬ್ಯಾಂಕಿಗೆ ಬಂದವು ನೋಡಿ, ಹಿಂದೆ ದೊಡ್ಡ ಗೂನು ಇದ್ದ ಗಾಜಿನ ಮಾನಿಟರುಗಳು! 60ರಲ್ಲಿ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿ. ತಿಳಿದ ಹುಡುಗನೊಬ್ಬ ಬಂದು 75ಕ್ಕೋ 85ಕ್ಕೋ ಏರಿಸಿಕೊಟ್ಟರೆ ನಿರಾಳ. ಈಗಿನ ಚಪ್ಪಟೆ ಪರದೆಗಳು ಹಾಗೆ ಮಿಣುಕುವುದಿಲ್ಲ. ಕಾಗದ ಪತ್ರ ಓದುವುದಕ್ಕೆ, ಸಿನಿಮಾ ನೋಡುವುದಕ್ಕೆ, ಆನ್‌ಲೈನ್ ಪಾಠಕ್ಕೆ 60 ಧಾರಾಳವಾಗಿ ಸಾಕು.

ಆಟದ ಮಾತು ಬೇರೆ. ಅಲ್ಲಿ ಕೈ ಅಲುಗಿದ ಕೂಡಲೇ ಚಿತ್ರವೂ ಅಲುಗಬೇಕು. 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 16.7 ಮಿಲಿಸೆಕೆಂಡ್ ಅಂತರ. 165ರಲ್ಲಿ ಅದು 6 ಮಿಲಿಸೆಕೆಂಡಿಗೆ ಇಳಿಯುತ್ತದೆ. ಅದಕ್ಕೇ ಗೇಮಿಂಗ್ ಮಾನಿಟರಿನ ಪೆಟ್ಟಿಗೆಯ ಮೇಲೆ ಈ ಅಂಕಿಯನ್ನು ಅಂಗೈ ಅಗಲ ಅಚ್ಚು ಹಾಕುತ್ತಾರೆ.

ಈಚೆಗೆ ನಮ್ಮ ಪಕ್ಕದ ಮನೆಯಲ್ಲಿ ಇದೇ ಅಂಕಿಯ ಮೇಲೆ ಅಜ್ಜ ಮೊಮ್ಮಗನ ಮಾತು ನಿಂತುಹೋಗಿತ್ತು. ಅಜ್ಜ ನಿವೃತ್ತ ಗಣಿತ ಮೇಷ್ಟ್ರು. ಮೊಮ್ಮಗ ಒಂಬತ್ತನೇ ತರಗತಿ. ನಾಲ್ಕು ವರ್ಷ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಬಂದ ದುಡ್ಡನ್ನು ಖರ್ಚು ಮಾಡದೆ ಕೂಡಿಟ್ಟಿದ್ದ. ಅರ್ಧ ಅವನದು, ಅರ್ಧ ಅಜ್ಜನ ಪಿಂಚಣಿಯದು, ಒಟ್ಟು ಹದಿನೆಂಟು ಸಾವಿರ ಕೊಟ್ಟು 27 ಅಂಗುಲದ ಮಾನಿಟರ್ ತಂದರು. ಪೆಟ್ಟಿಗೆಯ ಮೇಲೆ 165. ಪರದೆಯಲ್ಲಿ ಬಂದದ್ದು 60. ಹುಡುಗ ಚುರುಕು, ವಿಂಡೋಸ್ ಸೆಟಿಂಗ್ಸಿಗೆ ಹೋಗಿ ಏರಿಸಿದ. 144ರವರೆಗೆ ಏರಿತು. ಅದರ ಮೇಲೆ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ, ‘ವಿಂಡೋಸ್ ಪೂರ್ತಿ ತೆಗೆದು ಮತ್ತೆ ಹಾಕಿ’ ಎಂದರಂತೆ. ಹುಡುಗನಿಗೆ ಖಾತ್ರಿಯಾಯಿತು, 165ರ ಪೆಟ್ಟಿಗೆಯಲ್ಲಿ 144ರದ್ದನ್ನು ತುಂಬಿ ಕೊಟ್ಟಿದ್ದಾರೆ. ಬದಲಿಸಿ ಕೊಡಲು ಏಳು ದಿನದ ಗಡುವು, ಅವತ್ತು ಐದನೇ ದಿನ. ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟುಕೊಂಡು ಊಟಕ್ಕೂ ಬರದೆ ಕೂತಿದ್ದಾನೆ.

‘ನೋಡಿ ಬ್ಯಾಂಕಿನವರೇ, ಬರೀ ಇಪ್ಪತ್ತೊಂದು ಕಡಿಮೆಯಂತೆ. ಕಣ್ಣಿಗೆ ಕಾಣದ ಇಪ್ಪತ್ತೊಂದಕ್ಕೆ ಮನೆ ರಾಮಾಯಣ ಮಾಡಿದ್ದಾನೆ’ ಎಂದರು ಮೇಷ್ಟ್ರು.

‘ಇಪ್ಪತ್ತೊಂದಲ್ಲ ಅಜ್ಜ, ಸುಳ್ಳು ಹೇಳಿ ಮಾರಿದ್ದಾರೆ. ನೀವೇ ತಾನೇ ಲೆಕ್ಕದಲ್ಲಿ ಒಂದು ತಪ್ಪಿದರೂ ತಪ್ಪೇ ಅನ್ನೋದು?’ ಎಂದ ಹುಡುಗ.

ನಾನು ಹುಡುಗನ ಪಕ್ಷ. ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನ ಇಪ್ಪತ್ತೊಂದು ಪೈಸೆ ತಾಳೆಯಾಗದಿದ್ದರೆ ನಮ್ಮ ಶಾಖೆಯಲ್ಲಿ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಜೇಬಿನಿಂದ ಹಾಕಿ ಸರಿಮಾಡುವ ಹಾಗೂ ಇರಲಿಲ್ಲ. ಆದರೆ ಒಂದು ವಿಷಯದಲ್ಲಿ ಹುಡುಗ ಅವಸರ ಮಾಡಿದ್ದ. ತಾಳೆಯಾಗದ ಕೂಡಲೇ ಕ್ಯಾಷಿಯರ್ ಮೇಲೆ ಸಂಶಯ ಪಡುವುದು ನಮ್ಮ ಪದ್ಧತಿಯಲ್ಲ. ಮೊದಲು ವ್ಯತ್ಯಾಸದ ಅಂಕಿಯನ್ನೇ ನೋಡಬೇಕು. ಅದು 9ರಿಂದ ಭಾಗವಾದರೆ, ಯಾರೋ 54 ಬರೆಯುವ ಕಡೆ 45 ಬರೆದಿರಬಹುದು, ಅಂಕಿ ಅದಲುಬದಲಾಗಿರಬಹುದು ಎಂದು ಹುಡುಕುತ್ತೇವೆ. ಅದು 2ರಿಂದ ಭಾಗವಾದರೆ, ಅರ್ಧ ಮೊತ್ತದ ಚೀಟಿಯೊಂದು ಖರ್ಚಿನ ಬದಲು ಜಮೆಗೆ ಹೋಗಿದೆಯೇ ಎಂದು ನೋಡುತ್ತೇವೆ. ಮಾನಿಟರಿನ ವಿಷಯದಲ್ಲೂ ಹೀಗೆಯೇ. ಯಾವ ಅಂಕಿಗೆ ಬಂದು ನಿಂತಿದೆಯೋ ಆ ಅಂಕಿಯೇ ಅರ್ಧ ಗುಟ್ಟು ಹೇಳುತ್ತದೆ.

60ಕ್ಕೆ ನಿಂತಿದ್ದರೆ ಹೆಚ್ಚಾಗಿ ಅದು ಸೆಟಿಂಗ್ ವಿಷಯ. ಹೊಸ ಮಾನಿಟರ್ ಜೋಡಿಸಿದಾಗ ವಿಂಡೋಸ್ ಬಹಳ ಸಲ 60ರಲ್ಲೇ ಬಿಟ್ಟುಬಿಡುತ್ತದೆ, ಕೇಳಿದರೆ ಮಾತ್ರ ಮೇಲೆ ಹೋಗುತ್ತದೆ. ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ಡಿಸ್‌ಪ್ಲೇ ಸೆಟಿಂಗ್ಸ್, ಅದರ ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟಿನ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ 59.94 ಎಂದು ಕಂಡರೆ ‘ಅಯ್ಯೋ, ಆರು ಪೈಸೆ ಕಡಿಮೆ’ ಎಂದು ಗಾಬರಿ ಬೇಡ. 1953ರಲ್ಲಿ ಅಮೆರಿಕದವರು ಕಪ್ಪು ಬಿಳುಪು ಟಿವಿಗೆ ಬಣ್ಣ ಸೇರಿಸುವಾಗ, ಬಣ್ಣದ ಸಂಕೇತವೂ ಧ್ವನಿಯೂ ಒಂದಕ್ಕೊಂದು ತಗುಲದಿರಲಿ ಎಂದು 60ನ್ನು ಒಂದು ಚೂರು ತಗ್ಗಿಸಿದರು. ಆ ಚೂರು ಇವತ್ತಿಗೂ ಉಳಿದುಕೊಂಡಿದೆ.

75ಕ್ಕೋ 120ಕ್ಕೋ ನಿಂತಿದ್ದರೆ ತಂತಿ ಸಿಕ್ಕಿಸಿದ ಜಾಗ ನೋಡಬೇಕು. ಕಂಪ್ಯೂಟರ್ ಪೆಟ್ಟಿಗೆಯ ಹಿಂಬದಿಯಲ್ಲಿ ಎರಡು ಕಡೆ ತೂತುಗಳಿರುತ್ತವೆ. ಯುಎಸ್‌ಬಿ ತೂತುಗಳ ಜೊತೆ ಮೇಲ್ಗಡೆ ಇರುವುದು ಮದರ್‌ಬೋರ್ಡಿನದು. ಕೆಳಗಡೆ ಅಡ್ಡಲಾಗಿ ಬೇರೆಯಾಗಿ ಇರುವುದು ಗ್ರಾಫಿಕ್ಸ್ ಕಾರ್ಡಿನದು. ಸಾವಿರಾರು ರೂಪಾಯಿ ಕೊಟ್ಟು ಕಾರ್ಡ್ ಹಾಕಿಸಿ, ತಂತಿಯನ್ನು ಮಾತ್ರ ಮೇಲಿನ ತೂತಿಗೆ ಸಿಕ್ಕಿಸಿ ಕೂತವರು ಎಷ್ಟೋ ಮಂದಿ. ಆಗ ಕಾರ್ಡ್ ಒಳಗೆ ಸುಮ್ಮನೆ ಕೂತಿರುತ್ತದೆ. ತೂತು ಹಳೆಯ ತಲೆಮಾರಿನದಾದರೂ ಇದೇ ಕಥೆ. ಏಕೆ ಎಂದು ಈಗ ನೋಡೋಣ.

ನಮ್ಮ ಹುಡುಗನದು ನಿಂತಿದ್ದದ್ದು 144ಕ್ಕೆ. ತಂತಿ ಕಾರ್ಡಿಗೇ ಹೋಗಿತ್ತು, ಸೆಟಿಂಗ್ ಸರಿಯಿತ್ತು. ‘ಪುಸ್ತಕ ಎಲ್ಲಿ?’ ಎಂದೆ. ಮಾನಿಟರಿನ ಜೊತೆ ಬಂದ ಪುಟ್ಟ ಕೈಪಿಡಿಯನ್ನು ಬಿಚ್ಚಿಯೇ ಇರಲಿಲ್ಲ, ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಭೂತಗನ್ನಡಿ ಇಟ್ಟು ಓದುವಷ್ಟು ಸಣ್ಣ ಅಕ್ಷರದ ಒಂದು ಕೋಷ್ಟಕದಲ್ಲಿ ಎರಡು ಸಾಲುಗಳಿದ್ದವು. ಎಚ್‌ಡಿಎಂಐ: 144. ಡಿಸ್‌ಪ್ಲೇ ಪೋರ್ಟ್: 165. ಹುಡುಗ ಸಿಕ್ಕಿಸಿದ್ದದ್ದು ಟಿವಿಗೆ ಹಾಕುವ ಎಚ್‌ಡಿಎಂಐ ತಂತಿ.

‘ಎರಡೂ ತಂತಿಯೇ ತಾನೇ? ಒಂದರಲ್ಲಿ ಹೋಗುವುದು ಇನ್ನೊಂದರಲ್ಲಿ ಯಾಕೆ ಹೋಗಲ್ಲ?’ ಎಂದರು ಮೇಷ್ಟ್ರು. ಪ್ರಶ್ನೆ ಸರಿಯಾಗಿತ್ತು. ಕ್ಯಾಲೆಂಡರಿನ ಹಳೆಯ ಹಾಳೆ ತಿರುಗಿಸಿ ಲೆಕ್ಕಕ್ಕೆ ಕೂತೆವು. ಮಕ್ಕಳೇ, ನೀವೂ ಪೆನ್ಸಿಲ್ ತೆಗೆದುಕೊಳ್ಳಿ, ಬರೀ ಗುಣಾಕಾರ.

ಆ ಪರದೆಯಲ್ಲಿ ಅಡ್ಡಕ್ಕೆ 2560 ಚುಕ್ಕಿ, ಉದ್ದಕ್ಕೆ 1440. ಗುಣಿಸಿದರೆ 36,86,400 ಚುಕ್ಕಿ. ಪ್ರತಿ ಚುಕ್ಕಿಯ ಬಣ್ಣ ಹೇಳಲು 24 ಬಿಟ್ ಬೇಕು: ಕೆಂಪಿಗೆ 8, ಹಸಿರಿಗೆ 8, ನೀಲಿಗೆ 8. ಹಾಗಾಗಿ ಒಂದೇ ಒಂದು ಚಿತ್ರಕ್ಕೆ 8,84,73,600 ಬಿಟ್. ಸೆಕೆಂಡಿಗೆ 60 ಚಿತ್ರವಾದರೆ ಸುಮಾರು 531 ಕೋಟಿ. 144 ಆದರೆ 1274 ಕೋಟಿ. 165 ಆದರೆ ಹತ್ತಿರ ಹತ್ತಿರ 1460 ಕೋಟಿ. ಹುಡುಗ ಮೊದಲ ಸಲ ಒಂದು ಸೊನ್ನೆ ಬಿಟ್ಟಿದ್ದ, ಮೇಷ್ಟ್ರು ಏನೂ ಹೇಳದೆ ಬೆರಳಿಟ್ಟು ತೋರಿಸಿದರು. ಐದು ದಿನದಲ್ಲಿ ಅವರಿಬ್ಬರ ನಡುವೆ ಅದೇ ಮೊದಲ ವ್ಯವಹಾರ ಇರಬೇಕು.

ಈಗ ತಂತಿಯ ಕಡೆ ಬನ್ನಿ. ಎಚ್‌ಡಿಎಂಐ ಎಂಬುದು ಒಂದೇ ಹೆಸರು, ಆದರೆ ತಲೆಮಾರು ಹಲವು. ಮಾನಿಟರಿನಲ್ಲಿದ್ದದ್ದು 2.0. ಅದು ಸೆಕೆಂಡಿಗೆ 1800 ಕೋಟಿ ಬಿಟ್ ಸಾಗಿಸುತ್ತದೆ ಎಂದು ಹೇಳಿಕೆ. ಆದರೆ ದಾರಿಯಲ್ಲಿ ಸಂಕೇತ ಕೆಡದಂತೆ ಪ್ರತಿ 8 ಬಿಟ್ಟನ್ನೂ 10 ಮಾಡಿ ಕಳಿಸುತ್ತಾರೆ, ಐದರಲ್ಲಿ ಒಂದು ಪಾಲು ಕಾವಲಿಗೇ ಹೋಯಿತು ಎನ್ನಿ. ಚಿತ್ರಕ್ಕೆ ಉಳಿಯುವುದು 1440 ಕೋಟಿ. 144 ಹರ್ಟ್ಸಿಗೆ ಬೇಕಾದ 1274 ಅದರೊಳಗೆ ಹಿಡಿಯುತ್ತದೆ. 165ಕ್ಕೆ ಬೇಕಾದ 1460 ಹಿಡಿಯುವುದಿಲ್ಲ. ಬರೀ 20 ಕೋಟಿಯ ಕೊರತೆ! ಚಿತ್ರ ಚಿತ್ರದ ನಡುವೆ ಬಿಡುವ ಖಾಲಿ ಜಾಗದ ಖರ್ಚು ಬೇರೆ ಇದೆ, ಅದನ್ನು ಸೇರಿಸಿದರೆ ಕೊರತೆ ಇನ್ನೂ ಹೆಚ್ಚು. ಡಿಸ್‌ಪ್ಲೇ ಪೋರ್ಟ್ 1.2ರಲ್ಲಿ ಸಾಗುವುದು 2160 ಕೋಟಿ, ಕಾವಲಿನ ಪಾಲು ಕಳೆದರೆ 1728. ಅಲ್ಲಿ 165 ಸಲೀಸಾಗಿ ಕೂರುತ್ತದೆ. ಇನ್ನೂ ಹಿಂದಿನ ಎಚ್‌ಡಿಎಂಐ 1.4ಕ್ಕೆ ಚಿತ್ರಕ್ಕೆಂದು ಉಳಿಯುವುದು 816 ಕೋಟಿ ಮಾತ್ರ. ಇದೇ ಪರದೆಯನ್ನು ಅದಕ್ಕೆ ಜೋಡಿಸಿದರೆ ಸಾಮಾನ್ಯವಾಗಿ 75ರ ಆಚೆ ಹೋಗುವುದಿಲ್ಲ. ಮೊದಲು ಹೇಳಿದ 75ರ ಕಥೆ ಇದೇ.

ಮೇಷ್ಟ್ರು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು. ‘ಅಂದರೆ ಮಾನಿಟರಿಗೆ ಶಕ್ತಿ ಇದೆ, ದಾರಿ ಕಿರಿದು’ ಎಂದರು.

ಹಾಗಾದರೆ ಡಿಸ್‌ಪ್ಲೇ ಪೋರ್ಟ್ ತಂತಿ ಎಲ್ಲಿ? ಅಂಗಡಿಗೆ ಹೊರಡುವ ಮೊದಲು ಪೆಟ್ಟಿಗೆ ನೋಡೋಣ ಎಂದು ಥರ್ಮಾಕೋಲ್ ಎತ್ತಿದರೆ, ಅಡಿಯ ಗುಳಿಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ತಂತಿ ತಣ್ಣಗೆ ಮಲಗಿತ್ತು. ಐದು ದಿನದಿಂದ ಅಲ್ಲೇ ಇತ್ತು. ಗುರುತು ಹೇಳುತ್ತೇನೆ: ಎಚ್‌ಡಿಎಂಐ ತುದಿಯ ಕೆಳಗಿನ ಎರಡೂ ಮೂಲೆ ಒಳಕ್ಕೆ ಓರೆಯಾಗಿರುತ್ತದೆ. ಡಿಸ್‌ಪ್ಲೇ ಪೋರ್ಟಿನದು ಒಂದೇ ಮೂಲೆ ಕತ್ತರಿಸಿದಂತೆ. ಕೆಲವು ತಂತಿಗಳ ತುದಿಯಲ್ಲಿ ಕೊಂಡಿ ಇರುತ್ತದೆ, ತೆಗೆಯುವಾಗ ಮೇಲಿನ ಗುಂಡಿ ಒತ್ತದೆ ಎಳೆದರೆ ತೂತೇ ಕಿತ್ತು ಬಂದೀತು, ಜೋಕೆ.

ಸಿಕ್ಕಿಸಿದ. ಪಟ್ಟಿಯ ತುದಿಯಲ್ಲಿ 165 ಬಂತು. ಹುಡುಗ ಮೌಸಿನ ಬಾಣವನ್ನು ಗಿರಗಿರನೆ ಸುತ್ತಿಸಿ ತೋರಿಸಿದ. ಇದು ಯಾರಾದರೂ ಮನೆಯಲ್ಲಿ ಮಾಡಬಹುದಾದ ಪರೀಕ್ಷೆ. 60ರಲ್ಲಿಟ್ಟು ಸುತ್ತಿಸಿದರೆ ಬಾಣಗಳು ದೂರ ದೂರ ಬಿಡಿಬಿಡಿಯಾಗಿ ಕಾಣುತ್ತವೆ, 165ರಲ್ಲಿ ಒತ್ತೊತ್ತಾಗಿ ಮಾಲೆ ಕಟ್ಟಿದಂತೆ. ಕನ್ನಡಕ ಹಾಕಿದ ನಮ್ಮಿಬ್ಬರ ಕಣ್ಣಿಗೂ ಅದು ಕಂಡಿತು. ಆದರೆ 144ಕ್ಕೂ 165ಕ್ಕೂ ಇರುವ ವ್ಯತ್ಯಾಸ ನಿಜ ಹೇಳಬೇಕೆಂದರೆ ನನಗೆ ಕಾಣಲಿಲ್ಲ. ಹುಡುಗ ಕಾಣುತ್ತದೆ ಎಂದ. ದುಡ್ಡು ಅವನದೂ ಇದೆ, ವಾದ ಬೇಡ.

ಅಷ್ಟಕ್ಕೇ ಮುಗಿಯಲಿಲ್ಲ. ಸಂಜೆ ಮತ್ತೆ ಬಂದ. ‘ಬ್ಯಾಂಕ್ ಅಜ್ಜ, ಸೆಟಿಂಗ್ಸಲ್ಲಿ 165 ಇದೆ, ಆಟದಲ್ಲಿ ಮೂಲೆಯ ಅಂಕಿ 80 ದಾಟುತ್ತಿಲ್ಲ.’ ಇಲ್ಲಿ ಎರಡು ಬೇರೆ ಬೇರೆ ಎಣಿಕೆಗಳಿವೆ, ದೊಡ್ಡವರೂ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಪರದೆ ಸೆಕೆಂಡಿಗೆ ಎಷ್ಟು ಸಲ ಬರೆಯುತ್ತದೆ ಎಂಬುದು ರಿಫ್ರೆಶ್ ರೇಟ್. ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಎಷ್ಟು ಹೊಸ ಚಿತ್ರ ತಯಾರಿಸಿ ಕೊಡುತ್ತದೆ ಎಂಬುದು ಫ್ರೇಮ್ ರೇಟ್. ಬಡಿಸುವವನು 165 ಸಲ ಪಂಕ್ತಿಗೆ ಬರಲು ಸಿದ್ಧ; ಅಡುಗೆಯವನು ದೋಸೆ ಹುಯ್ಯುವುದು 80 ಮಾತ್ರ. ತಪ್ಪು ಬಡಿಸುವವನದಲ್ಲ. ಅವರ ಕಾರ್ಡ್ ಹಳೆಯದು, ಚುಕ್ಕಿಗಳು ಮೊದಲಿನ ಮಾನಿಟರಿಗಿಂತ ಹೆಚ್ಚಾಗಿವೆ, ಕೆಲಸ ಭಾರವಾಗಿದೆ. ಆಟದ ಸೆಟಿಂಗ್ಸಿನಲ್ಲಿ ನೆರಳು, ಹೊಗೆ, ನೀರಿನ ಪ್ರತಿಬಿಂಬ ಇಂಥವನ್ನು ಒಂದೊಂದೇ ಮೆಟ್ಟಿಲು ಇಳಿಸಿದ. ಅಂಕಿ 120ರ ಆಸುಪಾಸಿಗೆ ಬಂತು. ಕೆಲವು ಆಟಗಳು ತಾವೇ 60ಕ್ಕೆ ಮಿತಿ ಹಾಕಿಕೊಂಡಿರುತ್ತವೆ, ಅದನ್ನೂ ಒಮ್ಮೆ ನೋಡಿ. ಈಗಿನ ಬಹಳ ಗೇಮಿಂಗ್ ಮಾನಿಟರುಗಳಲ್ಲಿ ಕಾರ್ಡ್ ಚಿತ್ರ ಕೊಟ್ಟಾಗಲೇ ಬರೆದುಕೊಳ್ಳುವ ಏರ್ಪಾಡೂ ಇದೆ. ಅದನ್ನು ಚಾಲೂ ಮಾಡಿದರೆ 80 ಇದ್ದರೂ ಚಿತ್ರ ಹರಿದಂತೆ ಕಾಣುವುದಿಲ್ಲ.

165 ತಲುಪಿಸುವ ಹೊಸ ಕಾರ್ಡಿಗೆ ಮಾನಿಟರಿಗಿಂತ ಹೆಚ್ಚು ದುಡ್ಡು ಬೇಕು. ಹುಡುಗ ಆ ಮಾತು ಎತ್ತಿದ, ಮೇಷ್ಟ್ರು ಕೇಳಿಸದವರಂತೆ ಎಲೆ ಅಡಿಕೆ ಹಾಕಿಕೊಂಡರು. ಏಳನೇ ದಿನ ಮಾನಿಟರ್ ವಾಪಸ್ ಹೋಗಲಿಲ್ಲ. ಆದರೂ ನನ್ನ ತಕರಾರು ಒಂದಿದೆ. 165 ಎಂದು ಅಂಗೈ ಅಗಲ ಅಚ್ಚು ಹಾಕಲು ಜಾಗವಿದ್ದವರಿಗೆ, ಪಕ್ಕದಲ್ಲೇ ‘ಡಿಸ್‌ಪ್ಲೇ ಪೋರ್ಟಿನಲ್ಲಿ ಮಾತ್ರ’ ಎಂದು ಬರೆಯಲು ಜಾಗ ಸಿಗಲಿಲ್ಲವೇ? ಕೊಳ್ಳುವವನು ಅದನ್ನು ತಿಳಿಯಲು ಪೆಟ್ಟಿಗೆ ಒಡೆದು, ಪುಸ್ತಕ ಬಿಚ್ಚಿ, ಭೂತಗನ್ನಡಿ ಹುಡುಕಬೇಕೆ?

ಇನ್ನು ಕೆಲವು ಚಿಲ್ಲರೆ ಕಾರಣಗಳು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿದ್ದರೆ ಕೆಲವು ಕಂಪನಿಗಳದು ತಾನಾಗಿ 60ಕ್ಕೆ ಇಳಿಯುತ್ತದೆ, ಚಾರ್ಜರ್ ಸಿಕ್ಕಿಸಿ ನೋಡಿ. ಅದೇ ಚಿತ್ರ ಟಿವಿಯಲ್ಲೂ ಬರಲಿ ಎಂದು ನಕಲು ಮಾಡಿಟ್ಟಿದ್ದರೆ, ನಿಧಾನದ ಪರದೆಗೆ ವೇಗದ್ದೂ ಹೊಂದಿಕೊಳ್ಳಬೇಕಾಗುತ್ತದೆ. ಕೆಲವು ಮಾನಿಟರುಗಳಲ್ಲಿ ಕೊನೆಯ ಮೆಟ್ಟಿಲಿಗೆ ಓವರ್‌ಕ್ಲಾಕ್ ಎಂದು ಹೆಸರು, ಮಾನಿಟರಿನ ಸ್ವಂತ ಗುಂಡಿ ಒತ್ತಿ ಅದನ್ನು ಒಪ್ಪಿಕೊಂಡರೆ ಮಾತ್ರ ತೆರೆಯುತ್ತದೆ. ಪಟ್ಟಿಯಲ್ಲಿ ಅಂಕಿ ಇದ್ದು, ಆರಿಸಿದಾಗ ಪರದೆ ಆಗಾಗ ಕಪ್ಪಾಗಿ ಮತ್ತೆ ಬರುತ್ತಿದ್ದರೆ ತಂತಿ ದುರ್ಬಲ ಎಂದರ್ಥ. ತೀರ ಉದ್ದದ, ತೀರ ಅಗ್ಗದ ತಂತಿಯಲ್ಲಿ ಇದು ಹೆಚ್ಚು. ಏನೇ ಪರೀಕ್ಷೆ ಮಾಡಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಹೋಯಿತು ಎಂದು ತಿಳಿಯುವುದಿಲ್ಲ.

ಅಜ್ಜ ಅಜ್ಜಿಯರೇ, ಟಿವಿ ಕೊಳ್ಳುವಾಗಲೂ ಈ ಅಂಕಿ ಎದುರಾಗುತ್ತದೆ. ‘ಮೋಷನ್’ ಎಂಬ ಪದದ ಮುಂದೆ ದೊಡ್ಡ ಅಂಕಿ ಬರೆದಿದ್ದರೆ ಅದು ಪರದೆಯ ನಿಜವಾದ ರಿಫ್ರೆಶ್ ರೇಟ್ ಆಗಿರಬೇಕಿಲ್ಲ. ‘ಪ್ಯಾನೆಲ್ ಎಷ್ಟು ಹರ್ಟ್ಸ್?’ ಎಂದೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮೊಬೈಲಿನಲ್ಲಿ ವಿಷಯ ತಿರುಗುಮುರುಗು. 90, 120 ಎಂದು ಕೊಂಡ ಫೋನ್ ಬ್ಯಾಟರಿ ಉಳಿಸಲು ತಾನೇ ಕೆಳಗಿಳಿಯುತ್ತಿರುತ್ತದೆ. ಅದು ಮೋಸವಲ್ಲ. ವಾಟ್ಸಾಪ್ ಮತ್ತು ಪಂಚಾಂಗ ನೋಡುವ ನಮ್ಮಂಥವರು ಡಿಸ್‌ಪ್ಲೇ ಸೆಟಿಂಗ್ಸಿಗೆ ಹೋಗಿ 60ರಲ್ಲೇ ಇಟ್ಟರೆ ಬ್ಯಾಟರಿ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ.

ಎಲ್ಲ ನೋಡಿದ ಮೇಲೂ, ಸರಿಯಾದ ತಂತಿ, ಸರಿಯಾದ ತೂತು, ಸರಿಯಾದ ಸೆಟಿಂಗ್ ಇದ್ದೂ ಅಂಕಿ ಬಾರದಿದ್ದರೆ? ಸಾಧ್ಯವಾದರೆ ಇನ್ನೊಬ್ಬರ ಕಂಪ್ಯೂಟರಿಗೆ ಜೋಡಿಸಿ ನೋಡಿ. ಅಲ್ಲೂ ಬಾರದಿದ್ದರೆ ಮಾನಿಟರನ್ನೇ ಸಂಶಯಿಸಬೇಕು. ಆಗ ಸಂಕೋಚ ಬೇಡ. ರಿಫ್ರೆಶ್ ರೇಟಿನ ಪಟ್ಟಿ ಕಾಣುವಂತೆ ಪರದೆಯ ಫೋಟೋ, ಪೆಟ್ಟಿಗೆಯ ಮೇಲಿನ ಅಂಕಿಯ ಫೋಟೋ, ಬಿಲ್ಲಿನ ಫೋಟೋ ಮೂರನ್ನೂ ಇಟ್ಟು, ಗಡುವಿನೊಳಗೆ ಬರಹದಲ್ಲೇ ದೂರು ಕೊಡಿ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಅಂಗಡಿಯವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದಾರಿ ತಪ್ಪಿಸುವ ಜಾಹೀರಾತು ಎಂಬ ಮಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಪೆಟ್ಟಿಗೆ, ಥರ್ಮಾಕೋಲ್, ರಬ್ಬರ್ ಬ್ಯಾಂಡ್ ಸಮೇತ ಯಾವುದನ್ನೂ ಗಡುವು ಮುಗಿಯುವ ತನಕ ಗುಜರಿಯವನಿಗೆ ಹಾಕಬೇಡಿ.